ಸುಬೇದಾರನ ಸರಹದ್ದು

ಕನ್ನಮ್‌ವಾರ್ ನಗರದ ನಮ್ಮ ಕಟ್ಟಡ ಕೆಡವುವ ಮುಂಚೆ
ಬಿಲ್ಡರನ ಹುಡುಗರು ಬಂದು
ಬಾಗಿಲು ಬಾಗಿಲಿಗೂ ಕೆಂಪು ಬಣ್ಣದಲ್ಲಿ ನಂಬರು ಬರೆದರು.
ಯಾರೂ ಅವರಿಗೆ ಛೀ ಅನ್ನಲಿಲ್ಲ.

ಭಾಂಡುಪಿನ ಬಾಡಿಗೆ ಮನೆಗೆ ಬಂದ ಮೂರನೆಯ ದಿನ
ಸುಬೇದಾರ ಬಾಲವನ್ನು ಕಂಬದಂತೆ ನಿಲ್ಲಿಸಿ
ತುದಿಯನ್ನಷ್ಟೇ ಸಣ್ಣಗೆ ನಡುಗಿಸಿ
ಬಾಗಿಲ ಚೌಕಟ್ಟಿಗೆ, ಕರ್ಟನ್ನಿಗೆ,
ಪ್ರಫುಲ್ಲಾಳ ಆಫೀಸಿನ ಚೀಲಕ್ಕೆ
ಒಂದೊಂದು ಸಹಿ ಹಾಕಿದ.

ಆ ವಾಸನೆ ಹೇಗೆ ಹೇಳಲಿ,
ಕೆಟ್ಟ ಉಪ್ಪಿನಕಾಯಿ ಭರಣಿಗೆ ಯಾರೋ ಅಮೋನಿಯಾ ಕಲಸಿ
ಮೇ ತಿಂಗಳ ಬಿಸಿಲಲ್ಲಿ ಮುಚ್ಚಳ ತೆಗೆದ ಹಾಗೆ.
ಫಿನಾಯಿಲ್ ಸುರಿದೆ.
ಅದರ ಮೇಲೇ ಮತ್ತೆ ಬರೆದ,
ಸ್ಲೇಟು ಒರೆಸಿಕೊಟ್ಟಿರಲ್ಲ, ಉಪಕಾರವಾಯಿತು ಎಂಬಂತೆ.
ಬೈದೆ. ಚಪ್ಪಲಿ ಎತ್ತಿದೆ.
ಫ್ರಿಜ್ಜಿನ ಹಿಂದೆ ಹೊಕ್ಕವನು ಸಂಜೆಗೆ ಹೊರಬಂದು
ಮೊದಲು ಮಾಡಿದ್ದು ಆ ಚಪ್ಪಲಿಯ ಮೇಲೆ.

ಕೆಳಮನೆಯ ಗಾಂವ್ಕರ್ ಬಾಯಿ ಅಂದರು:
ಮೀನು ಮಾರ್ಕೆಟ್ಟಿನಲ್ಲಿ ಬಿಟ್ಟುಬನ್ನಿ, ಬದುಕಿಕೊಳ್ಳುತ್ತದೆ.
ಪ್ರಫುಲ್ಲಾ ವಾರವಿಡೀ
ಅವರು ಕಳಿಸಿದ ಕೊತ್ತಂಬರಿ ವಡಿ ಮುಟ್ಟಲಿಲ್ಲ.
ನಾನು ತಿಂದೆ, ಕದ್ದು.

ಮುಲುಂಡಿನ ಡಾಕ್ಟರು ಕರಂಜ್ಕರ್
ಮೊದಲು ಉಚ್ಚೆಯನ್ನೇ ಪರೀಕ್ಷೆ ಮಾಡಿದರು.
ಕಲ್ಲಿಲ್ಲ, ರಕ್ತವಿಲ್ಲ.
"ಗಂಡು ಬೆಕ್ಕು ತಿಣುಕಿದರೂ ಹನಿ ಬಾರದಿದ್ದರೆ
ನಡುರಾತ್ರಿಯಾದರೂ ರಿಕ್ಷಾ ಹಿಡಿದು ಬನ್ನಿ. ಇದು ಅದಲ್ಲ."
ಆಪರೇಷನ್ನು ಐದು ವರ್ಷದ ಹಿಂದೆಯೇ ಆಗಿದೆ, ಅಂದೆ.
"ಆದರೂ ಕೆಲವರು ಬಿಡುವುದಿಲ್ಲ. ಮರಳಿನ ಪೆಟ್ಟಿಗೆ ಎಲ್ಲಿಟ್ಟಿದ್ದೀರಿ?"
ವಾಷಿಂಗ್ ಮಷೀನಿನ ಪಕ್ಕ.
"ಅದು ಗರಗರ ತಿರುಗುವಾಗ
ನೀವಾದರೆ ಅಲ್ಲಿ ಕೂರುತ್ತೀರಾ?"

ಮುನ್ನೂರ ಹತ್ತು ಚದರಡಿಯಲ್ಲಿ ಎರಡನೆಯ ಪೆಟ್ಟಿಗೆಗೆ ಜಾಗ ಹುಡುಕಿದೆವು.
ಮಲ್ಲಿಗೆ ಪರಿಮಳದ ಮರಳು ಚೆಲ್ಲಿ
ಯಾವ ವಾಸನೆಯೂ ಇಲ್ಲದ್ದು ತಂದೆವು.
ಛಜ್ಜಾದ ಮೇಲೆ ಒಕ್ಕಿವಿಯ ಠೊಣಪನೊಬ್ಬ ಬಂದು ಕೂರುತ್ತಿದ್ದ,
ಕಿಟಕಿಗೆ ಹಾಲುಬಣ್ಣದ ಕಾಗದ ಅಂಟಿಸಿದೆವು.
ಚೀಲ ಉಳಿಯಿತು. ಕರ್ಟನ್ನು ಉಳಿಯಿತು.
ಚೌಕಟ್ಟು ಮಾತ್ರ ದಿನಾ ಒದ್ದೆ.

ಭಾನುವಾರ ಟಾರ್ಚು ಹಿಡಿದು ಮಂಡಿಯೂರಿದೆ.
ನೆಲದಿಂದ ಒಂದು ಗೇಣು ಮೇಲೆ
ಮರದಲ್ಲಿ ಉಗುರಿನ ಗೀರುಗಳು.
ಎರಡು ಕೈ ಪೇಂಟು ಬಳಿದಿದ್ದರೂ
ಬೆರಳಿಗೆ ಸಿಗುವಂಥವು. ಇವನವಲ್ಲ.
ಮಾಲೀಕನಿಗೆ ಫೋನು ಮಾಡಿದೆ.
ಹೌದೌದು, ಮುಂಚಿನವರ ಹತ್ತಿರ ಒಂದು ಬೆಕ್ಕಿತ್ತು,
ಹೆಣ್ಣೋ ಗಂಡೋ ನೆನಪಿಲ್ಲ,
ಡಿಪಾಜಿಟ್ಟಿನಲ್ಲಿ ಎರಡು ಸಾವಿರ ಹಿಡಿದುಕೊಂಡೆ.

ಅಂದರೆ ಇಷ್ಟು ದಿನ ಇವನು
ಉತ್ತರ ಬರೆಯುತ್ತಿದ್ದ.
ಮೂಗಿದ್ದೂ ನಾವು ಓದಲಾರದ
ಯಾರದೋ ಓಲೆಗೆ.

ಡಾಕ್ಟರು ಕೊಟ್ಟ ನೀರಿನಲ್ಲಿ ಮೂರು ಸಲ ನೆನೆಸಿ ಒರೆಸಿದೆ,
ಊಟದ ತಟ್ಟೆಯನ್ನು ಅಲ್ಲೇ ಇಟ್ಟೆವು.
ಉಣ್ಣುವ ಜಾಗದಲ್ಲಿ ಹೊಲಸು ಮಾಡಬಾರದೆಂಬುದು
ಅವನಿಗೂ ಗೊತ್ತು, ಯಾರೂ ಕಲಿಸದೆ.
ಬಂದ ನೆಂಟರೆಲ್ಲ
ಹೊಸ್ತಿಲಲ್ಲಿ ಬೆಕ್ಕಿನ ತಟ್ಟೆ ದಾಟಿಯೇ ಒಳಗೆ ಬರಬೇಕು.

ಬಿಲ್ಡರನ ಬಾಡಿಗೆ ಚೆಕ್ಕು ಎರಡು ತಿಂಗಳಿಂದ ಬಂದಿಲ್ಲ.
ಹಳೇ ಜಾಗದಲ್ಲಿ ತಗಡಿನ ಬೇಲಿ, ಒಳಗೆ ಹೊಂಡ,
ಹೊಂಡದಲ್ಲಿ ನೀರು.
ಬಾಗಿಲೇ ಇಲ್ಲ, ಕೆಂಪು ನಂಬರು ಮಾತ್ರ
ನನಗೆ ಬಾಯಿಪಾಠ.
ರಾತ್ರಿ ಎರಡಕ್ಕೆ ಎದ್ದು ಕಾರ್ಪೆಟ್ ಏರಿಯಾ ಗುಣಿಸುತ್ತೇನೆ,
ಪ್ರತಿ ಸಲ ಒಂದು ಅಡುಗೆಮನೆ ಕಡಿಮೆ ಬೀಳುತ್ತದೆ.

ಆಗ ಕತ್ತಲಲ್ಲಿ
ಕರ್ರ್, ಕರ್ರ್, ಮರಳು ಕೆರೆವ ಸದ್ದು.
ಸ್ವಲ್ಪ ನಿಂತು, ಮತ್ತೆ ಮುಚ್ಚುವ ಸದ್ದು,
ಬಹಳ ಹೊತ್ತು, ಬಹಳ ಜತನದಿಂದ.

ಕೇಳಿತಾ? ಅನ್ನುತ್ತಾಳೆ ಪ್ರಫುಲ್ಲಾ, ಗೋಡೆಗೆ ಮುಖ ಮಾಡಿ.
ಕೇಳಿತು.
ಯಾವ ಪೆಟ್ಟಿಗೆ?